ಕಂಬದ ಹಿಂದಿನ ಸೀಟು

ವರ್ಷಕ್ಕೊಮ್ಮೆ, ಜುಲೈ ಚಳಿಯಲ್ಲಿ, ಮೂರು ದಿನ ರಜೆ.
ಒಲವಾರಿಯಾದಿಂದ ರಾತ್ರಿ ಬಸ್ಸು,
ಕಣ್ಣುಜ್ಜಿಕೊಂಡರೆ ಬ್ಯೂನಸ್ ಐರಿಸ್.
ಇಡೀ ವರ್ಷ ಡಿಪೋದ ಕೌಂಟರಿನಲ್ಲಿ ಕೂತು
ಊರವರಿಗೆಲ್ಲ ಕಿಟಕಿ ಪಕ್ಕದ ಸೀಟು ಹರಿದು ಕೊಟ್ಟವಳು ನಾನು.
ನನಗೆ ಸಿಕ್ಕಿದ್ದು, ಅರ್ಧ ಬೆಲೆಗೆ,
ಕೊರಿಯೆಂತೆಸ್ ಬೀದಿಯ ನಾಟಕಶಾಲೆಯಲ್ಲಿ
ಮೇಲಟ್ಟದ ಕೊನೆಯ ಸಾಲು, ಕಂಬದ ಎಡಕ್ಕೆ.
ಕಂಬದ ಬಲಕ್ಕೆ ಒರ್ತೆನ್ಸಿಯಾ.

‘ಕಂಬ ಅಷ್ಟೇನೂ ದಪ್ಪ ಇಲ್ಲ’ ಅಂದಿದ್ದ ಟಿಕೆಟಿನ ಹುಡುಗ.
ಹಿಂದಿನ ಚಕ್ರದ ಮೇಲಿನ ಸೀಟು ಮಾರುವಾಗ
ನಾನೂ ಇದೇ ದನಿಯಲ್ಲಿ ಹೇಳುತ್ತೇನೆ:
‘ಕುಲುಕಾಟ ಅಷ್ಟೇನೂ ಇಲ್ಲ.’

ಒರ್ತೆನ್ಸಿಯಾಳ ಚೀಲದಲ್ಲಿ ಮೂರು ಲಕೋಟೆ.
ಒಂದರ ಮೇಲೆ ‘ಕೋಣೆ’, ಒಂದರ ಮೇಲೆ ‘ನಾಟಕ’,
ಎಲ್ಲಕ್ಕಿಂತ ತೆಳ್ಳಗಿನದರ ಮೇಲೆ ‘ಹೊಟ್ಟೆ’.
ಸೀಟು ತೋರಿಸಿದ ಮುದುಕನಿಗೆ ಚಿಲ್ಲರೆ ಕೊಡಲು
ಯಾವುದನ್ನು ಬಿಚ್ಚುವುದೆಂದು ಅವಳು ಯೋಚಿಸುತ್ತಿರುವಾಗಲೇ
ದೀಪ ಆರಿತು.

ನನ್ನ ಪಾಲಿಗೆ ಬಂದದ್ದು ಒಬ್ಬ ಹೆಂಗಸು, ಒಂದು ಇಸ್ತ್ರಿ ಮೇಜು.
ಎರಡು ಗಂಟೆ ಅದೇ ಅಂಗಿಯನ್ನು ಇಸ್ತ್ರಿ ಮಾಡಿದಳು.
ಆಚೆಯಿಂದ ಒಂದು ಗಂಡು ದನಿ ಮಾತ್ರ
ಬೈಯುತ್ತಿತ್ತು, ಕರೆಯುತ್ತಿತ್ತು, ನೀರು ಕೇಳುತ್ತಿತ್ತು.
ಒರ್ತೆನ್ಸಿಯಾಳ ಪಾಲಿಗೆ ಮಂಚ, ಮಂಚದ ಮೇಲೆ ಗಂಡಸು,
ನಡುಗುವ ಅವನ ಎರಡು ಕೈ.
ಕೊನೆಯಲ್ಲಿ ಫಳ್ಳನೆ ಒಂದು ಗಾಜಿನ ಲೋಟ.
ಇಡೀ ಸಭೆ ಉಸಿರು ಹಿಡಿಯಿತು.
ಒಡೆದದ್ದು ನಟ್ಟನಡುವೆ, ಕಂಬದ ಹಿಂದೆ.
ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರೆ;
ನಮಗೆ ಪ್ರತ್ಯಕ್ಷವೇ ಅರ್ಧ.

ಹೊರಗೆ ಚಳಿ, ಹೊಗೆ, ಬೆಳಕಿನ ಅಕ್ಷರಗಳು.
ಪಿಜ್ಜಾದಂಗಡಿಯಲ್ಲಿ ನಿಂತು ತಿಂದರೆ ಬೆಲೆ ಕಡಿಮೆ.
‘ನನ್ನ ಮಂಡಿ ಕೇಳಿ ಹೇಳ್ತೀನಿ’ ಅನ್ನುತ್ತಲೇ ನಿಂತಳು ಒರ್ತೆನ್ಸಿಯಾ.
ಜಾರುವ ಚೀಸಿನ ಮೇಲೆ ಕಡಲೆಹಿಟ್ಟಿನ ಫೈನಾ ಹೊದಿಸಿ
ಮೊದಲ ತುತ್ತಿಗೆ ನಾಲಿಗೆ ಸುಟ್ಟುಕೊಂಡು
ಜಗಳಕ್ಕೆ ಶುರು.

ಎಸೆದವನು ಅವನೇ, ಅಂದೆ ನಾನು.
ಎತ್ತಲೂ ಆಗದ ಕೈ ಎಸೆಯುತ್ತದೆಯೇ, ಅಂದಳು ಅವಳು.
ಇಸ್ತ್ರಿ ಮಾಡುವವಳ ಬೆನ್ನು ನೀನು ನೋಡಿಲ್ಲ, ಅಂದೆ.
ಅವನ ತುಟಿ ಒಣಗಿದ್ದು ನೀನು ನೋಡಿಲ್ಲ, ಅಂದಳು.
ಮೂವತ್ತೊಂದು ವರ್ಷ ಪಕ್ಕಪಕ್ಕದ ಕೌಂಟರು.
ಅವಳ ಗಂಡ ಹಾಸಿಗೆ ಹಿಡಿದಿದ್ದ ಆ ಎರಡು ವರ್ಷ
ನಾನು ಅವಳ ಪಾಳಿಯನ್ನೂ ಮಾಡಿದ್ದೆ,
ಮನೆಯೊಳಗೆ ಮಾತ್ರ ಒಮ್ಮೆಯೂ ಕಾಲಿಡಲಿಲ್ಲ.
ಅದು ನೆನಪಾಗಿ, ಬಾಯಲ್ಲಿದ್ದ ಮಾತನ್ನು
ತುತ್ತಿನ ಜೊತೆ ನುಂಗಿದೆ.

‘ಆ ಕಾರದ ಪುಡಿ ಇತ್ತ ಕೊಡ್ತೀರಾ?’
ತಿರುಗದೆಯೇ ಗೊತ್ತಾಯಿತು ನನಗೆ, ಅದೇ ದನಿ.
ಅವಳು ನೋಡಿದ್ದು ಕೈ.
ಒಂದೇ ಒಂದು ತುಂಡು, ಜೊತೆಗೆ ನೀರು.
ಕಿವಿಯ ಹಿಂದೆ ಒರೆಸದೆ ಉಳಿದ ಬಿಳಿ ಬಣ್ಣ.
ಚಿಲ್ಲರೆ ಎಣಿಸಿದ, ಇನ್ನೊಮ್ಮೆ ಎಣಿಸಿದ.
ಕೈ ನಡುಗಲಿಲ್ಲ.
ಕೇಳು ಅಂತ ನಾನು ಅವಳ ಕಾಲು ತುಳಿದೆ,
ಅವಳು ನನ್ನದನ್ನು.
‘ಲನೂಸಿಗೆ ಕೊನೆಯ ಬಸ್ಸು ಹೋಯಿತೇನೋ’ ಎಂದು
ಗೋಡೆಯ ಗಡಿಯಾರಕ್ಕೇ ಹೇಳಿ
ಕೋಟಿನ ಗುಂಡಿ ಹಾಕುತ್ತ ಹೊರಟೇ ಹೋದ.

ಈಗ ಒರ್ತೆನ್ಸಿಯಾ, ಎಣ್ಣೆಗೈಯಲ್ಲೇ,
‘ಹೊಟ್ಟೆ’ಯ ಲಕೋಟೆ ಬಿಚ್ಚಿದ್ದಾಳೆ.
ನಾಳೆ ಮಧ್ಯಾಹ್ನ ಬ್ರೆಡ್ಡು, ಬಾಳೆಹಣ್ಣು.
ರಾತ್ರಿ ಅದೇ ನಾಟಕ, ಅದೇ ಕಂಬ.
‘ಬಲಕ್ಕೆ ನೀನು ಕೂತ್ಕೋ’ ಅನ್ನುತ್ತಾಳೆ,
‘ಅವನ ತುಟಿ ನೋಡು.’
ಲೋಟ ನಾಳೆಯೂ ನಡುವೆಯೇ ಒಡೆಯುತ್ತದೆ,
ಅದು ನಮಗಿಬ್ಬರಿಗೂ ಗೊತ್ತು.