ಒಂದು ಸುತ್ತಿಗೆ ಒಂದು ಅಂಗಿ

ಕೋಲೊನ್ ಪಟ್ಟಣದಲ್ಲಿ, ಬಂದರಿನ ಹಿಂದಿನ ಬೀದಿಯಲ್ಲಿ,
ಮರದ ಮಹಡಿಯ ಮೇಲೆ ನಮ್ಮದೊಂದೇ ಕೋಣೆ.
ಅಮ್ಮ ಹಡಗಿನವರ ಬಿಳಿ ಅಂಗಿಗಳಿಗೆ
ಗಂಜಿ ಹಾಕಿ ಇಸ್ತ್ರಿ ತಿಕ್ಕುತ್ತಿದ್ದಳು.
ಡಜನ್ನಿಗಿಷ್ಟು ಎಂದು ಲೆಕ್ಕ. ಎಷ್ಟೆಂದು ಮರೆತಿದ್ದೇನೆ,
ಸಾಲುತ್ತಿರಲಿಲ್ಲ ಅನ್ನುವುದು ನೆನಪಿದೆ.

ಶನಿವಾರ ರಾತ್ರಿ ಪಕ್ಕದ ಮಿಸ್ಟರ್ ಬೆಕ್‌ಫರ್ಡ್
ತನ್ನ ರೇಡಿಯೋವನ್ನು ಕಿಟಕಿಗೆ ತಂದಿಟ್ಟು
ನಮ್ಮ ಕಡೆಗೆ ಮುಖ ತಿರುಗಿಸುತ್ತಿದ್ದ.
ಬದಲಿಗೆ ಅವನ ಚರ್ಚಿನ ಪ್ಯಾಂಟಿಗೆ ಅಮ್ಮ
ಕತ್ತಿಯಂಥ ಗೆರೆ ಕೂರಿಸಿಕೊಡಬೇಕು.

ಗಂಟೆ ಬಾರಿಸಿತೋ, ಅಂಗಿ ಹರಡಿದಳು.
ಕಾಲರು, ಹೆಗಲು, ತೋಳು, ಬೆನ್ನು, ಗುಂಡಿಪಟ್ಟಿ.
ಮೂರು ನಿಮಿಷ. ಒಂದು ಸುತ್ತಿಗೆ ಒಂದು ಅಂಗಿ.
ಮತ್ತೆ ಗಂಟೆ. ಪೆಟ್ಟಿಗೆ ನಿಲ್ಲಿಸಿ ಸ್ಟೂಲಿನ ಮೇಲೆ ಕೂತು
ಬಾಯಿ ತೆರೆಯುತ್ತಿದ್ದಳು.
ನಾನು ನೀರು ಹೊಯ್ದು, ಕತ್ತು ಒರೆಸಿ,
ಕೆಂಡಕ್ಕೆ ಗಾಳಿ ಹಾಕಿ,
‘ಎಡಗೈ ಇಳಿಸಬೇಡ’ ಅನ್ನಬೇಕು.
ಒಂಬತ್ತನೇ ವಯಸ್ಸಿಗೇ ನಾನು
ಅವಳ ಮೂಲೆಯ ಆಳು.

‘ಜ್ಯಾಬ್ ಅಂದರೆ ಬಾಗಿಲು ತಟ್ಟುವುದು.
ಹುಕ್ ಅಂದರೆ
ಹಿತ್ತಿಲಿಂದ ಒಳಗೆ ನುಗ್ಗುವುದು.’
ಮತ್ತೆ ಕ್ಲಿಂಚ್? ಇಬ್ಬರೂ ಯಾಕೆ ತಬ್ಬಿಕೊಳ್ಳುತ್ತಾರೆ?
ಅಮ್ಮ ನಕ್ಕು, ‘ನಿಮ್ಮಪ್ಪ ಬಂದಾಗ ಕೇಳು’ ಅಂದಳು.
ಅಪ್ಪ ಬಾಳೆಹಣ್ಣಿನ ಹಡಗು ಹತ್ತಿ
ಆಗಲೇ ನಾಲ್ಕು ವರ್ಷ.

ನಮ್ಮವನು ಲಿಸಾಂದ್ರೋ ಕೀನ್. ಗರಿತೂಕದವನು.
ಬಹಳ ದಿನ ನಾನು ಅವನ ಮೈತುಂಬ
ನಿಜವಾಗಿಯೂ ಪುಕ್ಕ ಇದೆಯೆಂದೇ ನಂಬಿದ್ದೆ;
ಏಟು ಬಿದ್ದಾಗಲೆಲ್ಲ ಒಂದೆರಡು ಉದುರಿ
ದೀಪದ ಕೆಳಗೆ ತೇಲುತ್ತವೆಂದು.

ಒಮ್ಮೆ ಒಂಬತ್ತನೇ ಸುತ್ತಿನಲ್ಲಿ ಕೀನ್ ಬಿದ್ದ.
ರೇಡಿಯೋದವನು ಎಣಿಸತೊಡಗಿದ.
ಬೀದಿಯ ನಾಯಿಯೂ ಬಾಯಿ ಮುಚ್ಚಿತು.
ನಾಲ್ಕು. ಐದು. ಅಮ್ಮನ ಕೈ ಇದ್ದಲ್ಲೇ ಇತ್ತು.
ಆರಕ್ಕೆ ವಾಸನೆ, ಏಳಕ್ಕೆ ಹೊಗೆ.
ಎಂಟಕ್ಕೆ ಅವನು ಎದ್ದ.
ಕಪ್ತಾನನ ಅಂಗಿಯ ಬೆನ್ನ ಮೇಲೆ
ಕಂದು ದೋಣಿಯೊಂದು ಲಂಗರು ಹಾಕಿತ್ತು.
ಎರಡು ವಾರದ ಕೂಲಿ! ಅಮ್ಮ
ಸುಟ್ಟ ಅಂಗಿಯನ್ನು ಬಾವುಟದಂತೆ ಬೀಸಿ
‘ಎದ್ದನಲ್ಲೇ, ಎದ್ದನಲ್ಲ!’ ಎಂದು
ನನ್ನ ಹೆಗಲು ಹಿಡಿದು ಅಲ್ಲಾಡಿಸಿದಳು.
ಆ ರಾತ್ರಿಯೇ ಇರಬೇಕು, ನನಗೂ ಈ ಹುಚ್ಚು ಹತ್ತಿದ್ದು.

ನನಗೆ ಹನ್ನೊಂದು ತುಂಬಿದಾಗ
ಗಂಜಿಪುಡಿಯ ಡಬ್ಬಿಯಿಂದ ದುಡ್ಡು ತೆಗೆದು
ರೈಲು ಹತ್ತಿಸಿ, ರಾಜಧಾನಿಯ ಪಂದ್ಯಕ್ಕೆ
ಕರೆದೊಯ್ದಳು. ಚರ್ಚಿನ ಟೋಪಿ ಇಟ್ಟುಕೊಂಡಿದ್ದಳು.
ಕೀನ್ ಎಷ್ಟು ಗಿಡ್ಡ! ಬೆನ್ನ ತುಂಬ ಬೆವರುಸಾಲೆ.
ಒಂದು ಪುಕ್ಕವೂ ಇಲ್ಲ.
ರೇಡಿಯೋದಲ್ಲಿ ಹಸಿಯಾಗಿ ಕೇಳದಿದ್ದ ಸದ್ದು ಇಲ್ಲಿ
ನೆನೆದ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗೆ.
ತಿರುಗಿ ನೋಡಿದರೆ
ಅಮ್ಮ ಕಣ್ಣು ಮುಚ್ಚಿ ಕೂತಿದ್ದಾಳೆ,
ಮೂಗುತಿಯಷ್ಟು ಸಣ್ಣ ರಕ್ತದ ಹನಿ ಕಂಡದ್ದಕ್ಕೋ,
ವರ್ಣಿಸುವವನು ಇಲ್ಲದೆ ಏನೂ ತಿಳಿಯದ್ದಕ್ಕೋ,
ಇವತ್ತಿಗೂ ಗೊತ್ತಿಲ್ಲ.
ಕೈ ಮಾತ್ರ ತೊಡೆಯ ಮೇಲಿನ ಲಂಗವನ್ನು
ಎಡದಿಂದ ಬಲಕ್ಕೆ
ಎಡದಿಂದ ಬಲಕ್ಕೆ ಸವರುತ್ತಲೇ ಇತ್ತು.

ವಾಪಸು ರೈಲಿನಲ್ಲಿ, ಕೆರೆಯ ಕತ್ತಲು ದಾಟುವಾಗ,
‘ಏನಾಯಿತು ಹೇಳು’ ಅಂದಳು.
ಮೊದಲನೇ ಸುತ್ತಿನಿಂದ ಶುರುಮಾಡಿದೆ.
ಇಲ್ಲದ ಎರಡು ಹುಕ್ ಸೇರಿಸಿದೆ,
ಕೀನನ ಮೈಗೆ ಅವನ ಪುಕ್ಕ ಮರಳಿಸಿದೆ.
ಎದುರು ಸೀಟಿನ ಮುದುಕ ಬೀಡಿ ಆರಿಸಿ ಮುಂದಕ್ಕೆ ಬಾಗಿದ.
ಐದನೇ ಸುತ್ತಿಗೆ ಬರುವಷ್ಟರಲ್ಲಿ
ಅಮ್ಮ, ಕಣ್ಣು ತೆರೆಯದೆಯೇ,
‘ನಿಧಾನ’ ಅಂದಳು,
‘ತೋಳು ಇನ್ನೂ ಮುಗಿದಿಲ್ಲ.’