ಅಗಲವಿಲ್ಲದ ಅಕ್ಷರ

ದುರ್ಗಿಗುಡಿಯಲ್ಲಿ, ಮಹಡಿ ಮೇಲೆ, ನನ್ನ ಡಿಟಿಪಿ ಅಂಗಡಿ.
ನಾನೂರು ಮದುವೆ ಕಾಗದದ ಕಟ್ಟು ಮೇಜಿಗೆ ಒಗೆದು
ಫಿಲೋಮಿನಾ ಬಾಯಿ ಕೇಳಿದರು:
"ನನ್ನ ಮಗನನ್ನ ಯಾಕಮ್ಮ ಹೀಗೆ ಮಡಚಿಟ್ಟಿದೀಯ?"

ಗಾಡ್‌ವಿನ್ ಎಂದು ಹೊಡೆದಿದ್ದೆ.
ಗಾಡ್ವಿನ್ ಎಂದು ಬಂದಿತ್ತು.
ಡಕಾರದ ಕಾಲಡಿ ವಕಾರ ಒತ್ತಾಗಿ ಕೂತು
ವರ ಅರ್ಧಕ್ಕೆ ಕುಗ್ಗಿದ್ದ.

ಅವೆರಡರ ನಡುವೆ ಒಂದು ಅಕ್ಷರ ಇರುತ್ತದೆ.
ಕಾಣುವುದಿಲ್ಲ. ಅಗಲ ಸೊನ್ನೆ.
ಕೂಡಬೇಡಿ ಎಂದಷ್ಟೇ ಹೇಳಿ ಸುಮ್ಮನಿರುವುದು ಅದರ ಕಸುಬು.
ಪಿಡಿಎಫ್ ಮಾಡುವಾಗ ಖಾಲಿ ಜಾಗ ಗುಡಿಸುತ್ತಾ
ತಂತ್ರಾಂಶ ಅದನ್ನೂ ಕಸವೆಂದು ಎಸೆದಿತ್ತು.

ನನ್ನ ಖರ್ಚಲ್ಲೇ ಮತ್ತೆ ಅಚ್ಚಾಯಿತು.
ಬಯ್ಯೋಣವೆಂದರೆ ಕಾಸು ಕೊಟ್ಟು ತಂದದ್ದಲ್ಲ,
ಒಡೆಯನೇ ಇಲ್ಲ. ಕೋಡನ್ನೆಲ್ಲ ಬಯಲಿಗಿಟ್ಟಿದ್ದಾರೆ,
ಬೇಕಾದವರು ನೋಡಿ, ಬೇಕಾದವರು ತಿದ್ದಿ.
ಬೇಕಾದವಳು ನಾನೇ.

ಹನ್ನೊಂದು ರಾತ್ರಿ. ಎರಡು ಸಾವಿರದ ನೂರಾ ಆರನೇ ಸಾಲು:
ಒತ್ತಕ್ಷರ ಕಂಡೇ ಇಲ್ಲದ ಯಾರೋ
ಒಳ್ಳೇ ಮನಸ್ಸಿನಿಂದಲೇ ಬರೆದಿಟ್ಟ ಪೊರಕೆ.

ಅದೊಂದನ್ನೇ ತಿದ್ದಿದ್ದರೆ ಆಗುತ್ತಿತ್ತು.
ಕೈ ಕೇಳಲಿಲ್ಲ. ಓರೆ ನಿಂತ ಸಾಲುಗಳನ್ನು ನೇರ ಮಾಡಿದೆ,
ಯಾರದೋ ಹಳೆ ಟಿಪ್ಪಣಿಯ ಕಾಗುಣಿತ ತಿದ್ದಿದೆ,
ಒಂದು ಹೆಸರು ಹಿಡಿಸಲಿಲ್ಲ, ಬದಲಿಸಿದೆ.
ಕೆಳಗಿನ ಮಳಿಗೆಯ ಟೈಲರ್ ಹಯಾತ್ ಸಾಬರು
ಪರದೆ ತುಂಬ ಕೆಂಪು ಹಸಿರು ಗೆರೆ ಕಂಡು
"ಎಷ್ಟು ಹರಿದಿತ್ತು?" ಎಂದರು.
ಉಗುರು ತೋರಿಸಿದೆ.
"ಹರಿದಷ್ಟಕ್ಕೆ ತೇಪೆ, ತಂಗಿ. ಇಡೀ ಅಂಗಿ ಬಿಚ್ಚಿದರೆ
ಗಿರಾಕಿಗೆ ತನ್ನ ಅಂಗಿಯೇ ಗುರುತು ಸಿಗಲ್ಲ."

ಎಲ್ಲ ಹಿಂದಕ್ಕೆ ಹಾಕಿದೆ. ಓರೆಯದು ಓರೆಯಾಗೇ ಇರಲಿ.
ಉಳಿದದ್ದು ಮೂರು ಸಾಲು.

ಕೂಡ್ಲಿಯಲ್ಲಿ ತುಂಗೆಯನ್ನು ಸೇರುವಾಗ
ಭದ್ರೆಯನ್ನು ಯಾರೂ ತಡೆದು ಕೇಳುವುದಿಲ್ಲ,
ಎಲ್ಲಿಂದ ಬಂದೆ, ಏನು ತಂದೆ,
ನಿನ್ನಿಂದ ಮುಂದಿನ ಊರಿಗೆ ತೊಂದರೆ ಇಲ್ಲವಷ್ಟೆ?
ನನ್ನ ಮೂರು ಸಾಲಿನ ಕವಲಿಗೆ ಎಲ್ಲವನ್ನೂ ಕೇಳುತ್ತಾರೆ.
ಕೇಳಲಿ.

ಪರೀಕ್ಷೆ ಬರೆದೆ. ಮೂರಕ್ಕೆ ಇಪ್ಪತ್ತೆರಡು ಸಾಲು.
ತಿದ್ದುವ ಮೊದಲು ಅದು ಸೋಲಬೇಕು, ತಿದ್ದಿದ ಮೇಲೆ ಗೆಲ್ಲಬೇಕು.
ಎರಡೂ ಸಲ ಗೆದ್ದಿತು!
ಟೀ ತಣ್ಣಗಾಗುವ ಹೊತ್ತಿಗೆ ತಿಳಿಯಿತು,
ನಾನು ಕೊಟ್ಟ ಉದಾಹರಣೆಯಲ್ಲೇ ಆ ಅಕ್ಷರ ಇರಲಿಲ್ಲ.
ಕಾಣದ್ದನ್ನು ಇಟ್ಟೆನೋ ಬಿಟ್ಟೆನೋ
ಬೆರಳಿಗೂ ಗೊತ್ತಾಗುವುದಿಲ್ಲ.

ವಿವರಣೆಯನ್ನು ಎಂಟು ಸಲ ಬರೆದು ಅಳಿಸಿದೆ.
ದೂರುವ ಮಾತು ತೆಗೆದೆ. ಕ್ಷಮಿಸಿ ಎಂಬುದನ್ನೂ ತೆಗೆದೆ.
ನಾನೂರು ಕಾರ್ಡಿನ ಖರ್ಚು ತೆಗೆಯಲು ಮನಸ್ಸಾಗಲಿಲ್ಲ, ತೆಗೆದೆ.

ನಾಲ್ಕನೇ ದಿನ ಉತ್ತರ. ಎಸ್ಟೋನಿಯಾದ ಮಾರ್ಟ್ ಎಂಬುವರು:
ಎರಡೂ ಚಿತ್ರ ನೋಡಿದೆ, ಬೇರೆ ಬೇರೆ ಎಂದು ಕಾಣುತ್ತದೆ,
ಯಾವುದು ಸರಿ ಎನ್ನಲು ನಿಮ್ಮನ್ನೇ ನಂಬಬೇಕು.
ಹತ್ತೊಂಬತ್ತನೇ ಸಾಲಿನ ತುದಿಗೆ ಒಂದು ಖಾಲಿ ಜಾಗ ಉಳಿದಿದೆ, ತೆಗೆಯಿರಿ.
ಅಂದಹಾಗೆ ಈ ಪದದ ಅರ್ಥವೇನು?

ಜಾಗ ತೆಗೆದೆ. ಬರೆದೆ:
ಪದವಲ್ಲ, ಮನುಷ್ಯ. ಗೋಪಾಳದಲ್ಲಿ ಮನೆ,
ಬ್ಯಾಂಡ್‌ಸೆಟ್ಟಿನಲ್ಲಿ ಟ್ರಂಪೆಟ್ ಊದುತ್ತಾನೆ,
ಎದುರು ನಿಂತರೆ ಆರಡಿ.

ಕಳಿಸುವ ಮೊದಲು ಆ ಹೆಸರನ್ನು
ಬಾಣದ ಕೀಲಿಯಿಂದ ಇನ್ನೊಮ್ಮೆ ದಾಟಿದೆ.
ಗಾ. ಡ್.
ಇಲ್ಲಿ ಒಂದು ಒತ್ತು ಹೆಚ್ಚು ಬೇಕಾಯಿತು,
ಕರ್ಸರ್ ಅಲುಗಲಿಲ್ಲ.
ಇದೆ.