ಅರ್ಧ ಬೆರಳು

ಕಿರುನಾದಲ್ಲಿ ಹೊರಗೆ ಸೊನ್ನೆಯ ಕೆಳಗೆ ಇಪ್ಪತ್ತೊಂಬತ್ತು.
ಬಟ್ಟೆಯ ಬೀರು ಇದ್ದ ಮೂಲೆಯ ಕರಿ ಟೆಂಟಿನೊಳಗೆ
ಮೂವತ್ತೆಂಟು.
ಟೊಮೆಟೊ ಎಲೆ ದೊನ್ನೆಯಾಗಿದೆ.

ಹಿಲ್ಡಿಂಗ್ ಮಂಡಿಯೂರಿ ಕೆಳಗಿನ ಕಿಂಡಿಯ ದಾರ ಸಡಿಲಿಸುತ್ತಾನೆ.
ತಣ್ಣಗಿನದು ಕೆಳಗಿಂದ, ಬಿಸಿ ಮೇಲಿಂದ:
ಕಬ್ಬಿಣದ ಗಣಿಗೆ ಮೂವತ್ತೊಂದು ವರ್ಷ
ಗಾಳಿ ಇಳಿಸಿದವನಿಗೆ ಯಾರು ಹೇಳಿಕೊಡಬೇಕು?
ಆದರೂ ಕಿಟಕಿ ಒಂದು ಬೆರಳು ತೆರೆದರೆ ಹೂವು ಉದುರುತ್ತದೆ,
ಮುಚ್ಚಿದರೆ ಬೇಯುತ್ತದೆ.
ಅರ್ಧ ಬೆರಳು.
ಕಡ್ಡಿ ಗೀರಿ, ಆರಿಸಿ,
ಹೊಗೆ ಯಾವ ಕಡೆ ವಾಲುತ್ತದೆಂದು ನೋಡುತ್ತಾನೆ.

ಕೊಳವೆಯ ಬಾಯಿಗೆ ಇಂಗೆಯೆರ್ಡ್ ಕಾಲುಚೀಲ ಒಣಗಹಾಕಿದ್ದಾಳೆ.
"ತೆಗಿ, ಉಸಿರು ಕಟ್ಟುತ್ತೆ."
"ಯಾರಿಗೆ?" ಅನ್ನುತ್ತಾಳೆ, ತಿರುಗದೆ.

ಫ್ಯಾನು ಗುಂಯ್‌ಗುಡುತ್ತಿದೆ.
ರಾತ್ರಿ ಎರಡಕ್ಕೆ ಅದು ನಿಂತರೆ
ಸದ್ದಿಲ್ಲದ್ದಕ್ಕೇ ಎಚ್ಚರವಾಗಿ
ಕತ್ತಲಲ್ಲಿ ಎದ್ದು ಕೂರುತ್ತಾನೆ,
ಕೆಳಗೆ ಇನ್ನೂ ಎಷ್ಟು ಜನ ಇದ್ದಾರೆಂದು
ಎಣಿಸುತ್ತ.